ಸ್ಟಾಲ್ ನಾಲ್ಕೂ ಕಡೆ ತೆರೆದಿರಬೇಕಾ, ಮೂರು ಕಡೆ ಸಾಕಾ? ಮುಂಬೈ, ಪುಣೆ, ಗೋವಾ ಟ್ರೇಡ್ ಶೋಗಳಿಗೆ ಹೋಗುವವರಿಗೆ

ಬೆಳಗಾವಿಯ ಫೌಂಡ್ರಿಯವರು ಬರಲಿ, ಪೀಣ್ಯದ ಮೆಷಿನ್ ತಯಾರಕರು ಬರಲಿ, ಮಂಗಳೂರಿನ ಗೋಡಂಬಿ ಕಾರ್ಖಾನೆಯವರು ಬರಲಿ, ಮುಂಬೈಯಲ್ಲಿ ದೊಡ್ಡ ಸ್ಟಾಲ್ ಎಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: "ಐಲ್ಯಾಂಡ್ ಕೊಡಿಸಿ." ನಾಲ್ಕೂ ಕಡೆ ಜನ ಓಡಾಡುವ ದಾರಿ. ಅಕ್ಕಪಕ್ಕ ಯಾರ ಗೋಡೆಯೂ ಇಲ್ಲ. ದೂರದಿಂದಲೇ ಹೆಸರು ಕಾಣುತ್ತದೆ. ಆಸೆಯಾಗುವುದು ಸಹಜ. ಆದರೆ ಗೋರೆಗಾಂವ್‌ನಲ್ಲಿ ಸ್ಟಾಲ್ ಕಟ್ಟಿಸುವ ಕೆಲಸದಲ್ಲಿರುವ ನಾನು ನಮ್ಮ ಕಡೆಯವರಿಗೆ ಹೇಳುವುದೇ ಬೇರೆ. 36 ಚದರ ಮೀಟರ್ ಆಸುಪಾಸಿನ ಜಾಗವಾದರೆ ಹೆಚ್ಚಿನವರಿಗೆ ಮೂರು ಕಡೆ ತೆರೆದ ಸ್ಟಾಲೇ ಒಳ್ಳೆಯದು. ನಾಲ್ಕನೆಯ ಕಡೆಯನ್ನೂ ತೆರೆಯಬೇಕು ಎಂದರೆ ಅದಕ್ಕೆ ನಿಮ್ಮ ಸರಕಿನಲ್ಲೇ ಕಾರಣ ಇರಬೇಕು.

ಹೊಸಬರಿಗಾಗಿ ಮೊದಲು ಎರಡು ಮಾತು. ಸಾಮಾನ್ಯ ಸ್ಟಾಲ್ 3 ಮೀಟರ್‌ಗೆ 3 ಮೀಟರ್, ಅಂದರೆ 9 ಚದರ ಮೀಟರ್. ಆಯೋಜಕರೇ ಅಲ್ಯುಮಿನಿಯಂ ಕಂಬ, ಬಿಳಿ ಹಲಗೆ, ಕಾರ್ಪೆಟ್, ಒಂದು ಟೇಬಲ್, ಎರಡು ಕುರ್ಚಿ, ಕೆಲವು ಲೈಟು, ಒಂದು ಪ್ಲಗ್ ಪಾಯಿಂಟ್, ಹಣೆಯ ಮೇಲೆ ಕಂಪನಿ ಹೆಸರು ಎಲ್ಲ ಸೇರಿಸಿ ಕೊಟ್ಟರೆ ಅದು ಶೆಲ್ ಸ್ಕೀಮ್. ಬರೀ ನೆಲ ಕೊಟ್ಟು "ಮಿಕ್ಕಿದ್ದು ನೀವೇ ಕಟ್ಟಿಕೊಳ್ಳಿ" ಎಂದರೆ ಅದು ರಾ ಸ್ಪೇಸ್ ಅಥವಾ ಬೇರ್ ಸ್ಪೇಸ್. ದೊಡ್ಡ ತೆರೆದ ಸ್ಟಾಲ್‌ಗಳೆಲ್ಲ ಬಹುತೇಕ ರಾ ಸ್ಪೇಸ್‌ನಲ್ಲೇ ಏಳುವುದು. ನಾಲ್ಕು ಕಡೆ ತೆರೆದ ಜಾಗಕ್ಕೆ ಶೆಲ್ ಸ್ಕೀಮ್ ಹಾಕಿಸಬೇಡಿ. ನಾಲ್ಕು ಮೂಲೆಗೆ ನಾಲ್ಕು ಕಂಬ, ಮೇಲೆ ಸುತ್ತ ಪಟ್ಟಿ, ನಡುವೆ ಖಾಲಿ. ನೋಡಿದವರಿಗೆ ಹೂವು ಬರುವುದಕ್ಕೆ ಮೊದಲಿನ ಮದುವೆ ಮಂಟಪದ ಹಾಗೆ ಕಾಣುತ್ತದೆ.

ಬಾಡಿಗೆಯಲ್ಲಿ ವ್ಯತ್ಯಾಸ ಎಷ್ಟು?

ಅರ್ಜಿ ಫಾರ್ಮಿನಲ್ಲಿ ಎರಡು ಕಡೆ, ಮೂರು ಕಡೆ, ನಾಲ್ಕು ಕಡೆ ತೆರೆದ ಜಾಗಕ್ಕೆ ಮೂಲ ದರದ ಮೇಲೆ ಇಷ್ಟು ಶೇಕಡಾ ಹೆಚ್ಚು ಎಂದು ಬರೆದಿರುತ್ತದೆ. ಆಯೋಜಕರಿಂದ ಆಯೋಜಕರಿಗೆ ಇದು ಬೇರೆ ಬೇರೆ. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಚದರ ಮೀಟರಿಗೆ 12,000 ರೂಪಾಯಿ, ಮೂರು ಕಡೆಗೆ ಶೇ 15, ನಾಲ್ಕು ಕಡೆಗೆ ಶೇ 20 ಹೆಚ್ಚು ಎಂದುಕೊಳ್ಳಿ. 36 ಚದರ ಮೀಟರಿಗೆ ಮೂಲ ಬಾಡಿಗೆ 4,32,000. ಮೂರು ಕಡೆ ತೆರೆದದ್ದು 4,96,800, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 5,86,224. ನಾಲ್ಕು ಕಡೆ ತೆರೆದದ್ದು 5,18,400, ಜಿಎಸ್‌ಟಿ ಸೇರಿ 6,11,712. ವ್ಯತ್ಯಾಸ 25,488 ರೂಪಾಯಿ ಅಷ್ಟೇ.

ಇದನ್ನು ನೋಡಿದ ಕೂಡಲೇ "ಇಷ್ಟೇ ತಾನೆ, ಐಲ್ಯಾಂಡೇ ತಗೊಳ್ಳೋಣ" ಎಂದು ಬಿಡುತ್ತಾರೆ. ಖರ್ಚು ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಗೋಡೆ ಇಲ್ಲದ ಸ್ಟಾಲ್‌ಗೆ ಹೆಸರನ್ನು ನಾಲ್ಕು ಮುಖಕ್ಕೂ ಬರೆಸಬೇಕು. ಲೈಟ್ ಸಿಕ್ಕಿಸಲು ಗೋಡೆ ಇಲ್ಲದ್ದರಿಂದ ಟ್ರಸ್ (ಲೋಹದ ಕೊಳವೆಗಳ ಚೌಕಟ್ಟು) ಎಬ್ಬಿಸಬೇಕು, ಇಲ್ಲವೇ ಹಾಲ್‌ನ ಚಾವಣಿಯಿಂದ ಇಳಿಬಿಡಬೇಕು. ಚಾವಣಿಯಿಂದ ಇಳಿಬಿಡುವುದನ್ನು ಸಾಮಾನ್ಯವಾಗಿ ಹಾಲ್‌ನವರು ಒಪ್ಪಿದ ಏಜೆನ್ಸಿಯೇ ಮಾಡಬೇಕು. ಅದಕ್ಕೆ ಪ್ರತಿ ತೂಗುಬಿಂದುವಿಗೆ ಬೇರೆ ದುಡ್ಡು, ಮುಂಚೆಯೇ ತೂಕದ ಲೆಕ್ಕ ಮತ್ತು ಡ್ರಾಯಿಂಗ್ ಕೊಡಬೇಕು. ವೈರು ಕಾಣದಂತೆ ಇರಬೇಕು ಎಂದರೆ ಇಡೀ ಜಾಗಕ್ಕೆ 4 ಇಂಚು ಎತ್ತರದ ಮರದ ಪ್ಲಾಟ್‌ಫಾರ್ಮ್ ಹಾಕಿಸಬೇಕು. ಹಾಕಿಸಿದ ಮೇಲೆ ಎಡವಿ ಬೀಳದ ಹಾಗೆ ಅಂಚಿಗೆ ಪಟ್ಟಿ, ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ಬೇಕು. ಇವೆಲ್ಲ ಸೇರಿದರೆ ಆ 25 ಸಾವಿರ ಲೆಕ್ಕಕ್ಕೇ ಸಿಗುವುದಿಲ್ಲ.

ನಾಲ್ಕು ದಾರಿಯಲ್ಲಿ ಎಷ್ಟು ದಾರಿಗೆ ಜೀವ ಇದೆ?

ಆಯೋಜಕರು ಕಳಿಸುವ ಫ್ಲೋರ್ ಪ್ಲಾನ್ ಅನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿ. ಮೊಬೈಲ್‌ನಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಪ್ರವೇಶದ್ವಾರ, ಪಕ್ಕದ ಹಾಲ್‌ಗೆ ಹೋಗುವ ಬಾಗಿಲು, ಊಟದ ಜಾಗ, ಶೌಚಾಲಯ, ಸೆಮಿನಾರ್ ಕೋಣೆ ಎಲ್ಲ ಗುರುತಿಸಿ. ಇವುಗಳ ನಡುವೆ ಜನ ಹೇಗೆ ನಡೆಯುತ್ತಾರೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ನಿಮ್ಮ ಐಲ್ಯಾಂಡ್‌ನ ಸುತ್ತ ಇರುವ ನಾಲ್ಕು ದಾರಿಗಳಲ್ಲಿ ಎಷ್ಟರ ಮೇಲೆ ಗೆರೆ ಬಂತು ನೋಡಿ.

ಸಾಮಾನ್ಯವಾಗಿ ಒಂದು ಅಗಲ ದಾರಿ, ಒಂದು ಮಧ್ಯಮ ದಾರಿ ಸಿಗುತ್ತವೆ. ಉಳಿದೆರಡರಲ್ಲಿ ಎದುರಿಗೆ ಇನ್ನೊಬ್ಬರ ಸ್ಟಾಲ್‌ನ ಬೆನ್ನು ಇರುತ್ತದೆ, ಇಲ್ಲವೇ ಅದು ತುರ್ತು ನಿರ್ಗಮನದ ಕಡೆ ಹೋಗುವ ಸುಮ್ಮನೆ ದಾರಿ. ಅಂಥ ಕಡೆ ತೆರೆದಿಟ್ಟು ಪ್ರಯೋಜನ ಏನು? ಆ ಬೆನ್ನಿನ ಕಡೆ ಒಂದು ಗೋಡೆ ನಿಲ್ಲಿಸಿದರೆ ಅದೇ ನಿಮ್ಮ ದೊಡ್ಡ ಪರದೆ, ಅದೇ ನಿಮ್ಮ ಶೆಲ್ಫ್. "ಐಲ್ಯಾಂಡ್ ತಗೊಂಡು ನಾವೇ ಒಂದು ಕಡೆ ಗೋಡೆ ಹಾಕಿದರಾಯ್ತು" ಎಂದು ಕೆಲವರು ಹೇಳುತ್ತಾರೆ. ಆಗಬಹುದು, ಆದರೆ ಆಯೋಜಕರು ಕೊಡುವ ನಿಯಮಗಳ ಕೈಪಿಡಿ ಓದಿ. ತೆರೆದ ಕಡೆಯನ್ನು ಇಷ್ಟು ಭಾಗಕ್ಕಿಂತ ಹೆಚ್ಚು ಮುಚ್ಚಬಾರದು ಎಂದು ಅನೇಕ ಆಯೋಜಕರು ನಿಯಮ ಮಾಡಿರುತ್ತಾರೆ, ಎದುರಿನ ಸ್ಟಾಲ್‌ನವರಿಗೆ ಗೋಡೆ ಅಡ್ಡ ಬರಬಾರದಲ್ವಾ. ನಾಲ್ಕು ಕಡೆಯ ದುಡ್ಡು ಕೊಟ್ಟು ಮೂರು ಕಡೆ ಬಳಸುವುದಾದರೆ ಮೂರು ಕಡೆಯದನ್ನೇ ತೆಗೆದುಕೊಳ್ಳಿ.

ಪ್ಲಾನ್‌ನಲ್ಲಿ ಇನ್ನೊಂದು ನೋಡಬೇಕು: ಕಂಬ. ಚಿಕ್ಕ ಕಪ್ಪು ಚೌಕವಾಗಿ ಗುರುತು ಹಾಕಿರುತ್ತಾರೆ, ಕಣ್ಣು ತಪ್ಪಿಹೋಗುತ್ತದೆ. ಕಂಬ ನಿಮ್ಮ ಜಾಗದ ಒಳಗೆ ಬಂದರೆ ಬಾಡಿಗೆ ಕಡಿಮೆ ಆಗುತ್ತದಾ ಎಂದು ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿ.

ಗೋಡೆ ಮಾಡುವ ಕೆಲಸ

ದೊಡ್ಡ ಸ್ಟಾಲ್ ಯೋಚಿಸುವಾಗ ಎಲ್ಲರೂ ಗಿರಾಕಿಗೆ ಕಾಣುವುದನ್ನೇ ಯೋಚಿಸುತ್ತಾರೆ. ಕಾಣಬಾರದ ಸಾಮಾನು ಎಷ್ಟಿರುತ್ತದೆ ಗೊತ್ತಾ? ಎಂಟು ಜನರ ಬ್ಯಾಗು, ಊಟದ ಡಬ್ಬಿ, ನೀರಿನ ಕ್ಯಾನು, ಕ್ಯಾಟಲಾಗ್ ಕಟ್ಟುಗಳು, ಸ್ಯಾಂಪಲ್ ಬಾಕ್ಸು, ಮೆಷಿನ್ ಬಂದ ಪೆಟ್ಟಿಗೆಯ ಮುಚ್ಚಳ, ಲ್ಯಾಪ್‌ಟಾಪ್ ಚಾರ್ಜರು, ಪೊರಕೆ. ಮೂರು ಕಡೆ ತೆರೆದ ಸ್ಟಾಲ್‌ನಲ್ಲಿ ಹಿಂಗೋಡೆಗೆ ಒಂದು ಮೀಟರ್ ಬಿಟ್ಟು ಇನ್ನೊಂದು ಗೋಡೆ ಹಾಕಿ, ತುದಿಯಲ್ಲಿ ಬಾಗಿಲು ಇಟ್ಟರೆ ಎಲ್ಲ ಒಳಗೆ. ಬೀಗ ಹಾಕಿ ರಾತ್ರಿ ನೆಮ್ಮದಿಯಾಗಿ ಮನೆಗೆ ಹೋಗಬಹುದು. ನಾಲ್ಕು ಕಡೆ ತೆರೆದದ್ದರಲ್ಲಿ ಇದೇ ಸ್ಟೋರ್ ನಟ್ಟನಡುವೆ ಬರುತ್ತದೆ. 2 ಮೀಟರ್‌ಗೆ 2 ಮೀಟರ್ ಗೋಪುರ ಕಟ್ಟಿ, ಹೊರಗೆ ನಾಲ್ಕು ಮುಖಕ್ಕೆ ಹೆಸರು, ಒಳಗೆ ಸಾಮಾನು. ಚೆನ್ನಾಗಿಯೇ ಕಾಣುತ್ತದೆ. ಆದರೆ 6 ಮೀಟರ್‌ಗೆ 6 ಮೀಟರ್ ಜಾಗದಲ್ಲಿ ನಡುವೆ ಗೋಪುರ ನಿಂತರೆ ಸುತ್ತ ಉಳಿಯುವುದು ಎರಡೆರಡು ಮೀಟರ್ ಅಗಲದ ಓಣಿ. ಅದರಲ್ಲಿ ಟೇಬಲ್ ಹಾಕಿ ನಾಲ್ಕು ಕುರ್ಚಿ ಎಳೆದರೆ ಮುಗಿಯಿತು. ಆ ಕಡೆ ನಿಂತ ನಿಮ್ಮ ಹುಡುಗನಿಗೆ ಈ ಕಡೆ ಬಂದ ಗಿರಾಕಿ ಕಾಣುವುದಿಲ್ಲ.

ಈ ಒಂದು ಕಾರಣಕ್ಕೇ 36ರಲ್ಲಿ ಐಲ್ಯಾಂಡ್ ಬೇಡ ಎನ್ನುತ್ತೇನೆ. 54 ಅಥವಾ 72 ಚದರ ಮೀಟರಿಗೆ ಹೋದರೆ ಮಾತು ಬೇರೆ, ಗೋಪುರದ ಸುತ್ತ ಉಸಿರಾಡುವಷ್ಟು ಜಾಗ ಉಳಿಯುತ್ತದೆ.

ಗೋಡೆಗೆ ಇನ್ನೂ ಒಂದು ಗುಣ ಇದೆ. ಕೊಳ್ಳುವ ಮನಸ್ಸಿನ ಗಿರಾಕಿ ದರ ಮಾತಾಡುವಾಗ ಬೆನ್ನಿಗೆ ಏನಾದರೂ ಇರಲಿ ಎಂದು ಬಯಸುತ್ತಾನೆ. ನಾಲ್ಕೂ ಕಡೆ ಜನ ಓಡಾಡುವ ಜಾಗದ ನಡುವೆ ಕೂತು ಯಾರೂ ಡಿಸ್ಕೌಂಟ್ ಕೇಳುವುದಿಲ್ಲ. ಎದುರಾಳಿ ಕಂಪನಿಯವರು ಹಿಂದಿನಿಂದ ಹಾದುಹೋದರೆ ಮಾತು ಅಲ್ಲೇ ನಿಲ್ಲುತ್ತದೆ.

ನಾಲ್ಕು ಕಡೆ ತೆರೆದ ಸ್ಟಾಲ್‌ನ ಮೂಲೆಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಇನ್ನೊಂದು ತಿಳಿಯುತ್ತದೆ. ಅಗಲ ದಾರಿಯಲ್ಲಿ ಬಂದವರು ಪಕ್ಕದ ದಾರಿಗೆ ಹೋಗಬೇಕಾದರೆ ಸುತ್ತಿ ಹೋಗುವುದಿಲ್ಲ, ನಿಮ್ಮ ಕಾರ್ಪೆಟ್ ಮೇಲೆ ಮೂಲೆಯಿಂದ ಮೂಲೆಗೆ ನೇರ ದಾಟುತ್ತಾರೆ. ಕಣ್ಣು ಮೊಬೈಲ್ ಮೇಲೆ, ಕೈಯಲ್ಲಿ ಬೇರೆಯವರ ಕ್ಯಾರಿಬ್ಯಾಗ್. ಸ್ಟಾಲ್ ತುಂಬ ಜನ ಇದ್ದಾರೆ ಎಂದು ನಿಮಗೆ ಅನಿಸುತ್ತದೆ, ಸಂಜೆ ವಿಸಿಟಿಂಗ್ ಕಾರ್ಡ್ ಎಣಿಸಿದರೆ ಕೈಗೆ ಏನೂ ಹತ್ತುವುದಿಲ್ಲ. ಇದಕ್ಕೆ ಮದ್ದು ಸುಲಭ: ಜನ ದಾಟುವ ಆ ಓರೆ ದಾರಿಗೆ ಅಡ್ಡವಾಗಿ ನಿಮ್ಮ ಮುಖ್ಯ ಸರಕನ್ನೇ ಇಡಿ, ಸೊಂಟದ ಎತ್ತರಕ್ಕೆ. ಜನ ತಡೆದು ನಿಲ್ಲುತ್ತಾರೆ, ನಿಂತವರು ನೋಡುತ್ತಾರೆ. ರಿಸೆಪ್ಷನ್ ಕೌಂಟರ್ ಅನ್ನು ಮಾತ್ರ ಅಲ್ಲಿ ಇಡಬೇಡಿ. ಕೌಂಟರ್ ಕಂಡರೆ ಜನ ಪಕ್ಕಕ್ಕೆ ಸರಿಯುತ್ತಾರೆ.

ನಿಲ್ಲಲು ಜನ ಇದ್ದಾರಾ?

ತೆರೆದ ಪ್ರತಿ ಕಡೆಗೂ ಒಬ್ಬರು ನಿಲ್ಲಬೇಕು. ಅವರಿಗೆ ಊಟದ ಬಿಡುವು ಬೇಕು. ಬಳಸಲು ಸಿಗುವ ನೆಲದಲ್ಲಿ ಸುಮಾರು 50 ಚದರ ಅಡಿಗೆ ಒಬ್ಬರು ಎಂಬುದು ಈ ಕೆಲಸದಲ್ಲಿ ಎಲ್ಲರೂ ಹಿಡಿಯುವ ಅಂದಾಜು. 36 ಚದರ ಮೀಟರ್ ಎಂದರೆ ಸುಮಾರು 387 ಚದರ ಅಡಿ. ಸ್ಟೋರ್, ಮೆಷಿನ್, ಟೇಬಲ್ ಕಳೆದು 240 ಉಳಿಯಿತು ಎಂದುಕೊಂಡರೂ ಐದು ಜನ ನಿಂತಿರಬೇಕು, ಕೂತವರು ಬೇರೆ. ಊರಿಂದ ಮಾಲೀಕರು, ಅವರ ತಮ್ಮ, ಒಬ್ಬ ಸೇಲ್ಸ್ ಹುಡುಗ ಹೀಗೆ ಮೂರೇ ಜನ ಬರುವುದಾದರೆ ನಾಲ್ಕು ಕಡೆಯನ್ನು ಕಾಯುವುದು ಆಗದ ಮಾತು. ಬಾಡಿಗೆಗೆ ಸಿಗುವ ಹೋಸ್ಟೆಸ್‌ಗಳು ಕಾರ್ಡ್ ತೆಗೆದುಕೊಳ್ಳುತ್ತಾರೆ, ನಗುಮೊಗದಿಂದ ಕೂರಿಸುತ್ತಾರೆ. ನಿಮ್ಮ ಎರಕದ ಗುಣಮಟ್ಟದ ಬಗ್ಗೆ ಕೇಳಿದರೆ ಅವರಿಗೆ ಉತ್ತರ ಗೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಮುಂಬೈ, ಪುಣೆಯಲ್ಲಿ ಹಿಂದಿ, ಮರಾಠಿ ಎರಡೂ ಮಾತಾಡುವ ಒಬ್ಬ ಟೆಕ್ನಿಕಲ್ ಹುಡುಗ ಜೊತೆಗಿದ್ದರೆ ಅರ್ಧ ಕೆಲಸ ಆದ ಹಾಗೆ. ಗಡಿ ಕಡೆಯಿಂದ ಬರುವವರಿಗೆ ಇದು ಕಷ್ಟವಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಓಡುವ ಮೆಷಿನ್ ತರುವವರಿಗೆ ನಾಲ್ಕು ಕಡೆ ತೆರೆದದ್ದು ಸರಿ. 36 ಚದರ ಮೀಟರಿನಲ್ಲೂ ಸರಿ. ಮೆಷಿನ್‌ಗೆ ಮುಂದೆ, ಹಿಂದೆ, ಪಕ್ಕ ಎಲ್ಲವೂ ಇದೆ. ಕೊಳ್ಳುವವನು ಸುತ್ತ ನಡೆದು, ಬಗ್ಗಿ ಮೋಟರ್ ನೋಡಿ, ಪ್ಯಾನೆಲ್ ಬಾಗಿಲು ತೆಗೆಸಿಯೇ ನಂಬುವುದು. ಇಲ್ಲಿ ನಡುವೆ ಗೋಪುರ ಬೇಡ, ಮೆಷಿನ್ನೇ ಗೋಪುರ. ಸ್ಟೋರನ್ನು ಜನ ಬಾರದ ಮೂಲೆಗೆ ತಳ್ಳಿ. ತ್ರೀ ಫೇಸ್ ಕರೆಂಟ್ ಎಷ್ಟು ಕಿಲೋವ್ಯಾಟ್, ಕಂಪ್ರೆಸ್ಡ್ ಏರ್ ಎಷ್ಟು ಒತ್ತಡ, ನೆಲ ಚದರ ಮೀಟರಿಗೆ ಎಷ್ಟು ತೂಕ ತಾಳುತ್ತದೆ ಎಂದು ಮೊದಲೇ ಕೇಳಿ. ಕಟ್ಟುವ ದಿನಗಳಲ್ಲಿ ಬೇಕಾಗುವ ತಾತ್ಕಾಲಿಕ ಕರೆಂಟಿಗೆ ಸಾಮಾನ್ಯವಾಗಿ ಬೇರೆ ದುಡ್ಡು. ಲೈನ್ ಎಲ್ಲಿಂದ ಬರುತ್ತದೆ ಎಂಬುದು ಐಲ್ಯಾಂಡ್‌ಗೆ ತುಂಬ ಮುಖ್ಯ. ನೆಲದ ಕಾಲುವೆಯಿಂದ ಬಂದರೆ ಸರಿ. ಪಕ್ಕದಿಂದ ಎಳೆದು ತರಬೇಕಾದರೆ ಜನ ನಡೆಯುವ ದಾರಿಯ ಮೇಲೆ ಕೇಬಲ್ ಹಾಯುತ್ತದೆ, ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ.

ಎರಕದ ಬಿಡಿಭಾಗ, ವಾಲ್ವ್, ಫಿಟ್ಟಿಂಗ್, ಮಸಾಲೆ, ಗೋಡಂಬಿ, ಸಾಬೂನು, ಪ್ಯಾಕಿಂಗ್ ಸಾಮಾನು ಮಾರುವವರಿಗೆ ಮೂರು ಕಡೆ ತೆರೆದದ್ದೇ ನನ್ನ ಆಯ್ಕೆ. ಚಿಕ್ಕ ವಸ್ತು ಬಯಲಲ್ಲಿ ಕಳೆದುಹೋಗುತ್ತದೆ. ಅದಕ್ಕೆ ಹಿಂದೆ ಗೋಡೆ, ಮೇಲೆ ಬೆಳಕು ಬೇಕು. ಗೋಡಂಬಿಯ ದೊಡ್ಡ ದರ್ಜೆ ಡಬ್ಲ್ಯೂ 180ಕ್ಕೂ ಚಿಕ್ಕ ದರ್ಜೆ ಡಬ್ಲ್ಯೂ 320ಕ್ಕೂ ಗಾತ್ರದ ವ್ಯತ್ಯಾಸವನ್ನು ಗಿರಾಕಿ ಬೊಗಸೆಯಲ್ಲಿ ಹಿಡಿದು ನೋಡಬೇಕು ಎಂದರೆ ಕಪ್ಪು ಹಿನ್ನೆಲೆಯ ಶೆಲ್ಫ್, ಹತ್ತಿರದಿಂದ ಬೀಳುವ ಹಳದಿ ಮಿಶ್ರಿತ ಲೈಟ್ ಇರಬೇಕು. ಒಂದು ಮಾತು ನೆನಪಿಡಿ: ಬೆನ್ನಿಗೆ ಬೆನ್ನು ಕೊಟ್ಟ ಸ್ಟಾಲ್ ಇದ್ದಾಗ ನಿಮ್ಮ ಗೋಡೆ ಅವರಿಗಿಂತ ಎತ್ತರ ಇದ್ದರೆ, ಮೇಲೆ ಕಾಣುವ ಹಿಂಬದಿಯನ್ನು ಬಿಳಿ ಬಣ್ಣ ಹೊಡೆದು ಚೊಕ್ಕ ಮಾಡಿಕೊಡುವುದು ಸಾಮಾನ್ಯವಾಗಿ ನಿಮ್ಮ ಹೊಣೆ. ಅಲ್ಲಿ ನಿಮ್ಮ ಹೆಸರು ಬರೆಸುವಂತಿಲ್ಲ.

ಸಾಫ್ಟ್‌ವೇರ್, ಸಲಹೆ, ಟೂರ್ ಪ್ಯಾಕೇಜ್ ಮಾರುವವರಿಗೆ ಎರಡು ಕಡೆ ತೆರೆದ ಕಾರ್ನರ್ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಪರದೆಗೂ ಕೂರುವ ವ್ಯವಸ್ಥೆಗೂ ಹಾಕಿ.

ಹೆಸರಿನ ಅಕ್ಷರದ ವಿಷಯ ಎಲ್ಲರಿಗೂ ಒಂದೇ. 10 ಅಡಿ ದೂರಕ್ಕೆ 1 ಇಂಚು ಎತ್ತರ ಎಂಬ ಹಳೆಯ ಲೆಕ್ಕ ಹಿಡಿಯಿರಿ. 100 ಅಡಿ ದೂರದಿಂದ ಓದಬೇಕಾದರೆ ಕನಿಷ್ಠ 10 ಇಂಚು. ಲೋಗೋ ಜೊತೆ ಅಡಿಬರಹ, ಐಎಸ್ಒ ನಂಬರು, ಸ್ಥಾಪನೆಯ ವರ್ಷ ಎಲ್ಲ ಮೇಲೆ ತುರುಕಬೇಡಿ. ಮೇಲೆ ಹೆಸರು, ಅದರ ಕೆಳಗೆ ನೀವು ಏನು ಮಾಡುತ್ತೀರಿ ಎಂಬ ಎರಡು ಪದ ಸಾಕು. ನಮ್ಮ ಕಡೆಯ ಕಂಪನಿಗಳ ಹೆಸರು ಹೆಚ್ಚಾಗಿ ದೇವರದ್ದೋ ಮನೆತನದ್ದೋ ಇರುತ್ತದೆ. ಹೆಸರು ನೋಡಿ ಸರಕು ಏನೆಂದು ಮುಂಬೈಯವರಿಗೆ ತಿಳಿಯುವುದಿಲ್ಲ.

ಊರಿಗೆ ತಕ್ಕ ಹಾಗೆ

ಮುಂಬೈಯಲ್ಲಿ ದೊಡ್ಡ ಯಂತ್ರಗಳ ಮೇಳಗಳು ಹೆಚ್ಚಾಗಿ ಗೋರೆಗಾಂವ್ ಪೂರ್ವದ ನೆಸ್ಕೋದ ಬಾಂಬೆ ಎಕ್ಸಿಬಿಷನ್ ಸೆಂಟರ್‌ನಲ್ಲಿ ನಡೆಯುತ್ತವೆ. 2022ರಲ್ಲಿ ಶುರುವಾದ ಬಿಕೆಸಿಯ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್ ಇನ್ನೊಂದು. ಎರಡು ಕಡೆಯೂ ಸರಕು ಸಾಗಿಸುವುದೇ ದೊಡ್ಡ ತಲೆನೋವು. ಭಾರಿ ವಾಹನಗಳಿಗೆ ನಗರದಲ್ಲಿ ದಟ್ಟಣೆ ಹೊತ್ತಿನ ನಿರ್ಬಂಧ ಇದೆ. ಹುಬ್ಬಳ್ಳಿಯಿಂದ ರಾತ್ರಿ ಹೊರಟ ಲಾರಿ ಬೆಳಿಗ್ಗೆ ಹೊತ್ತು ತಪ್ಪಿ ಬಂದರೆ ನಗರದ ಹೊರಗೇ ಕಾಯಬೇಕಾಗುತ್ತದೆ. ಕಟ್ಟಲು ಸಿಗುವ ಸಮಯವೇ ಕಡಿಮೆ ಇರುವಾಗ ಅರ್ಧ ದಿನ ಹೋದರೆ ನಾಲ್ಕು ಕಡೆ ತೆರೆದ ಸ್ಟಾಲ್ ಮುಗಿಯುವುದಿಲ್ಲ. ಮೂರು ಕಡೆಯದು ಹೇಗೋ ಮುಗಿಯುತ್ತದೆ, ಗೋಡೆ ನಿಂತರೆ ಅರ್ಧ ಸ್ಟಾಲ್ ನಿಂತಂತೆ.

ಪುಣೆಯಲ್ಲಿ ಚಿಂಚ್‌ವಡದ ಆಟೋ ಕ್ಲಸ್ಟರ್ ಇದೆ, ಮೋಶಿಯ ದೊಡ್ಡ ಮೈದಾನ ಇದೆ. ಡಿಸೆಂಬರ್‌ನ ಕಿಸಾನ್ ಕೃಷಿ ಮೇಳ ಮೋಶಿಯಲ್ಲೇ ನಡೆಯುವುದು. ಮೈದಾನದಲ್ಲಿ ತಾತ್ಕಾಲಿಕ ಹ್ಯಾಂಗರ್, ಅಂದರೆ ದೊಡ್ಡ ಡೇರೆಯಂಥ ಶೆಡ್ ಎಬ್ಬಿಸುತ್ತಾರೆ, ಅದರ ಚಾವಣಿಗೆ ಭಾರ ತೂಗಿಬಿಡುವ ಯೋಚನೆ ಬಿಟ್ಟುಬಿಡಿ. ನೆಲ ಏರುತಗ್ಗು ಇರಬಹುದು, ಧೂಳು ಇದ್ದೇ ಇರುತ್ತದೆ. ಬಿಳಿ ಹೊಳಪಿನ ಪ್ಲಾಟ್‌ಫಾರ್ಮ್ ಅಲ್ಲಿ ಮೊದಲ ದಿನ ಮಧ್ಯಾಹ್ನಕ್ಕೇ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಟ್ರ್ಯಾಕ್ಟರ್ ಉಪಕರಣ, ಪಂಪ್, ಬಿತ್ತನೆ ಯಂತ್ರ ತರುವವರಿಗೆ ನಾಲ್ಕು ಕಡೆ ತೆರೆದ ಬಯಲು ಜಾಗ ಅಲ್ಲಿ ತುಂಬ ಚೆನ್ನಾಗಿ ಒದಗುತ್ತದೆ. ರೈತರು ಗುಂಪಾಗಿ ಬರುತ್ತಾರೆ, ಸುತ್ತ ನಿಂತು ನೋಡುತ್ತಾರೆ, ಮುಟ್ಟಿ ನೋಡುತ್ತಾರೆ.

ಗೋವಾದ ಮೇಳಗಳು ಚಿಕ್ಕವು. ತಾಳಗಾಂವ್‌ನ ಶ್ಯಾಮಾಪ್ರಸಾದ್ ಮುಖರ್ಜಿ ಕ್ರೀಡಾಂಗಣದಲ್ಲಿ ಕೆಲವು ನಡೆಯುತ್ತವೆ. ಪೋರ್ಚುಗೀಸ್ ಮಾತಾಡುವ ನಾಡುಗಳ 2014ರ ಲೂಸೊಫೋನಿಯಾ ಕ್ರೀಡಾಕೂಟಕ್ಕೆ ಎಂದು ಕಟ್ಟಿದ ಒಳಾಂಗಣ ಅದು. ಆಟದ ನೆಲದ ಮೇಲೆ ಭಾರ ಇಡುವ ಮೊದಲು ಕೇಳಲೇಬೇಕು. ಅಲ್ಲಿಗೆ 18 ಚದರ ಮೀಟರ್, ಎರಡು ಕಡೆ ತೆರೆದದ್ದು ಸಾಕಷ್ಟಾಯಿತು. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಹೋಗುವುದಾದರೆ ದೊಡ್ಡ ಲಾರಿ ಬಿಡುತ್ತಾರಾ ಎಂದು ಆ ವಾರ ವಿಚಾರಿಸಿ, ಮಳೆಗಾಲದಲ್ಲಂತೂ ತಪ್ಪದೆ.

ಮರವೋ, ಜೋಡಿಸುವ ಫ್ರೇಮೋ?

ವರ್ಷಕ್ಕೆ ಒಂದೇ ಮೇಳ ಎಂದರೆ ಮರದ ಸ್ಟಾಲ್ ಕಟ್ಟಿಸಿ. ಬೇಕಾದ ಆಕಾರ ಬರುತ್ತದೆ, ಹತ್ತಿರ ನಿಂತು ನೋಡಿದರೂ ಗಟ್ಟಿ ಎನಿಸುತ್ತದೆ. ಕೊನೆಯ ಸಂಜೆ ಅದನ್ನು ಒಡೆದು ಹಾಕುತ್ತಾರೆ. ಪ್ಲೈವುಡ್ ಹೊರಡುವ ಲಾರಿ ನೋಡಿದರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಮೂರು ಊರಿನಲ್ಲಿ ಮೂರು ಮೇಳ ಎನ್ನುವವರು ಅಲ್ಯುಮಿನಿಯಂ ಫ್ರೇಮ್‌ಗೆ ಅಂಚಿನಲ್ಲಿ ಬಟ್ಟೆ ಸಿಕ್ಕಿಸುವ ಬಗೆಯದನ್ನು ಕೊಳ್ಳಿ. ಬಟ್ಟೆ ಮಡಚಿ ಚೀಲದಲ್ಲಿ ಹಾಕಬಹುದು. ಫ್ರೇಮ್ ಟೆಂಪೋದಲ್ಲಿ ಹಿಡಿಯುತ್ತದೆ. ಮುಂಬೈಯಲ್ಲಿ 6ಕ್ಕೆ 6 ಇದ್ದದ್ದು ಗೋವಾದಲ್ಲಿ 6ಕ್ಕೆ 3 ಆಗಬೇಕು ಎಂದು ಡಿಸೈನ್ ಮಾಡುವಾಗಲೇ ಹೇಳಿ, ಆಮೇಲೆ ಕತ್ತರಿಸಲು ಆಗುವುದಿಲ್ಲ. ಮಧ್ಯದ ತಿಂಗಳುಗಳಲ್ಲಿ ಅದನ್ನು ಎಲ್ಲಿ ಇಡುತ್ತೀರಿ ಎಂಬ ಲೆಕ್ಕವೂ ಇರಲಿ.

ಒಂದು ಎಚ್ಚರಿಕೆ: ಥರ್ಮಾಕೋಲ್ ಅಕ್ಷರ ಮಾಡಿಸಬೇಡಿ. ಅಲಂಕಾರಕ್ಕೆ ಥರ್ಮಾಕೋಲ್ ಬಳಸುವುದನ್ನು ಮಹಾರಾಷ್ಟ್ರ 2018ರಲ್ಲೇ ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಅದೇ ನಿಯಮ, ಜೊತೆಗೆ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಕೂಡ ನಿಷಿದ್ಧ. ಸಸ್ತಾ ಫ್ಲೆಕ್ಸ್ ಕೊಡುವವರನ್ನು ಮೈಕ್ರಾನ್ ಎಷ್ಟು ಎಂದು ಕೇಳಿ.

ಕರ್ನಾಟಕದಿಂದ ಸರಕು ತರುವವರು ಡೆಲಿವರಿ ಚಲನ್ ಬರೆಸಿ. ಬೆಲೆ 50,000 ದಾಟಿದರೆ ಇ-ವೇ ಬಿಲ್‌ನಲ್ಲಿ ಎಕ್ಸಿಬಿಷನ್ ಅಥವಾ ಫೇರ್ಸ್ ಎಂಬ ಆಯ್ಕೆ ಇದೆ, ಅದನ್ನೇ ಗುರುತಿಸಿ. ಸ್ಟಾಲ್‌ನಲ್ಲೇ ಮಾರುವ ಯೋಚನೆ ಇದ್ದರೆ ಆ ರಾಜ್ಯದಲ್ಲಿ ತಾತ್ಕಾಲಿಕ ಜಿಎಸ್‌ಟಿ ನೋಂದಣಿ ಬೇಕಾಗಬಹುದು, ಆಡಿಟರ್ ಹತ್ತಿರ ಮೊದಲೇ ಮಾತಾಡಿ.

ಇನ್ನು ಫ್ಯಾಬ್ರಿಕೇಟರ್, ಅಂದರೆ ಸ್ಟಾಲ್ ಕಟ್ಟುವವರ ಜೊತೆ ಒಪ್ಪಂದ. 3ಡಿ ಚಿತ್ರ ನೋಡಿ ಮರುಳಾಗಬೇಡಿ, ಅದರಲ್ಲಿ ಚಾವಣಿ ಯಾವಾಗಲೂ ಎತ್ತರ, ಜನ ಯಾವಾಗಲೂ ತೆಳ್ಳಗೆ. ಅಳತೆ ಇರುವ ಡ್ರಾಯಿಂಗ್ ಕೇಳಿ. ಸ್ಟೋರ್ ಬಾಗಿಲು ಯಾವ ಕಡೆ ತೆರೆಯುತ್ತದೆ, ಪ್ಲಗ್ ಎಲ್ಲಿ, ಟಿವಿ ಬಾಡಿಗೆ ಸೇರಿದೆಯಾ, ಬೆಂಕಿ ಆರಿಸುವ ಸಿಲಿಂಡರ್ ಯಾರು ತರುತ್ತಾರೆ ಎಲ್ಲ ಬರಹದಲ್ಲಿರಲಿ. ಹಣವನ್ನು ಮೂರು ಕಂತಿನಲ್ಲಿ ಕೊಡಿ, ಕೊನೆಯ ಕಂತು ಸ್ಟಾಲ್ ಬಿಚ್ಚಿ ನೆಲ ಖಾಲಿ ಮಾಡಿದ ಮೇಲೆ. ನೆಲದ ಮೇಲೆ ಟೇಪಿನ ಗೋಂದು ಉಳಿದರೂ, ಕಸ ಬಿಟ್ಟು ಹೋದರೂ ಆಯೋಜಕರು ಹಿಡಿದಿಟ್ಟ ಡೆಪಾಸಿಟ್‌ನಿಂದ ಕಡಿತ ಆಗಬಹುದು. ಆ ಕಡಿತ ಯಾರ ತಲೆಗೆ ಎಂಬ ಒಂದು ಸಾಲನ್ನು ಸಹಿ ಹಾಕುವ ಮೊದಲೇ ಸೇರಿಸಿಕೊಳ್ಳಿ.